ಇಪ್ಪತ್ತೇಳನೇ ಪೆಟ್ಟಿಗೆಯ ಎಡಗೈ

ದಿನಾಂಕ ೧೪, ಗುರುವಾರ

ಇವಳೇ,

ನಿನ್ನ ಕಾಗದ ಬಂದು ನಲವತ್ಮೂರು ದಿನವಾಯಿತು. ಎಣಿಸಿದ್ದೇನೆ. ಎಣಿಸದೆ ಇರಲಾರೆನೆಂದು ನಿನಗೆ ಗೊತ್ತು. ಉತ್ತರ ತಡವಾಯಿತು, ತಪ್ಪಾಯಿತು. ನೆಗಡಿ, ಕೆಲಸದ ಗಡಿಬಿಡಿ, ಕನ್ನಡಕದ ಕಾಲು ಮುರಿದದ್ದು ಎಂದು ಮೂರು ನೆಪ ಬರೆದು ಮೂರನ್ನೂ ಹೊಡೆದುಹಾಕಿದೆ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮಾತಾಡುತ್ತಲೇ ಇರುತ್ತೇನೆ, ವಿಷಯ ಮಾತ್ರ ಹೇಳುವುದಿಲ್ಲ ಎಂದು ನೀನೇ ಒಮ್ಮೆ ಅಂದಿದ್ದೆ. ಒಪ್ಪಿದೆ. ಹೆಚ್ಚು ಓದಿಲ್ಲದವನನ್ನು ಇಲ್ಲಿಯವರೆಗೆ ತಂದದ್ದು ಈ ನಾಲಿಗೆಯೇ, ಅದಕ್ಕೇ ಅದರ ಮೇಲೆ ನನಗೂ ಪೂರ್ತಿ ನಂಬಿಕೆಯಿಲ್ಲ. ಕಾಗದದಲ್ಲಾದರೆ ಬರೆದದ್ದು ಬರೆದ ಜಾಗದಲ್ಲೇ ಕೂತಿರುತ್ತದೆ.

ಭಾವನ ಮಂಡಿನೋವು ಈಗ ಹೇಗಿದೆ? ನನ್ನ ಕಾಗದ ಬಂತೆಂದರೆ ಅತ್ತಿಗೆ ಈಗಲೂ ಅಡುಗೆಮನೆಯಲ್ಲಿ ಪಾತ್ರೆ ಎತ್ತಿ ಕುಕ್ಕುತ್ತಾರೋ, ಇಲ್ಲ ಅವರಿಗೂ ವಯಸ್ಸಾಯಿತೋ? ಹತ್ತು ದಿನಕ್ಕೆಂದು ಅಣ್ಣನ ಮನೆಗೆ ಹೋದವಳು ನೀನು; ಒಂಬತ್ತು ವರ್ಷವಾಯಿತು. ತಕರಾರು ಮಾಡುತ್ತಿಲ್ಲ. ನಿನ್ನ ಟ್ರಂಕಿನ ಬೀಗದ ಕೈ ಇನ್ನೂ ಅದೇ ಮೊಳೆಯಲ್ಲಿ ನೇತಾಡುತ್ತಿದೆ, ಅಷ್ಟೆ.

ಮನೆ ಹಾಗೇ ಇದೆ. ಕೆಳಗಿನ ಪೆಟ್ಟಿಗೆ ಕಾರ್ಖಾನೆಗೆ ಬೀಗ ಹಾಕಿ ಹನ್ನೊಂದು ವರ್ಷವಾದರೂ ಬಾಗಿಲು ತೆಗೆದರೆ ಮರದ ಹೊಟ್ಟಿನ ವಾಸನೆ ಮುಖಕ್ಕೆ ಹೊಡೆಯುತ್ತದೆ. ಮೇಲೆ ಮನೆಗೆ ಬರುವ ಮೆಟ್ಟಿಲಿನ ಕಂಬಿ ಅಲ್ಲಾಡುತ್ತಿತ್ತು. ಮಗನ ಕೈ ಮುರಿದ ವರ್ಷ ನೀನು ಹಟ ಹಿಡಿದು ಹಾಕಿಸಿದ ಕಂಬಿ. "ನನ್ನ ಮಗನ ಕೈ ತಿಂದ ಮೆಟ್ಟಿಲು ಇದು, ಇನ್ನೊಂದು ದಿನ ಹೀಗೇ ಬಿಡಲ್ಲ" ಅಂದಿದ್ದೆ. ಹದಿನಾಲ್ಕು ಮೆಟ್ಟಿಲು, ಹದಿನಾಲ್ಕು ಗೂಟ. ಐದನೆಯದರ ಸ್ಕ್ರೂ ಸವೆದಿತ್ತು, ಬದಲಾಯಿಸಿದೆ. ಈಗ ಆನೆ ಹಿಡಿದು ಎಳೆದರೂ ಅಲ್ಲಾಡದು. ಹಿಡಿದುಕೊಂಡು ಹತ್ತುವವರು ಯಾರೂ ಇಲ್ಲ ಎನ್ನುವುದು ಬೇರೆ ಮಾತು.

ನಿನ್ನ ಕಾಗದದ ಕೊನೆಯಲ್ಲಿ ಪ್ರತಿ ಸಲದ ಹಾಗೆ ಒಂದೇ ಸಾಲು: "ಚಕ್ಕೆಯ ಸುದ್ದಿ ಏನಾದರೂ?" ಮರ ನಯ ಮಾಡುವಾಗ ಸುರುಳಿಯಾಗಿ ಬೀಳುವ ಚಕ್ಕೆಯಷ್ಟು ತೆಳ್ಳಗಿದ್ದಾನೆಂದು ಕೂಸಿಗೆ ನಾನೇ ಇಟ್ಟ ಅಡ್ಡಹೆಸರು, ಅದನ್ನು ಕೊನೆಗೆ ನೀನೂ ಇಟ್ಟುಕೊಂಡೆ. ಹದಿನೇಳು ತುಂಬಿದವನು, ಕೆಲಸ ನೋಡಿಕೊಂಡು ಬರುತ್ತೇನೆಂದು ಹೊರಟವನು, ಹದಿನಾರು ವರ್ಷವಾಯಿತು. ಒಂಬತ್ತು ವರ್ಷದಿಂದ ನಿನ್ನ ಆ ಸಾಲಿಗೆ "ಏನೂ ಇಲ್ಲ" ಎಂದು ಬರೆಯುತ್ತ ಬಂದೆ. ಈ ಸಲ ಹಾಗೆ ಬರೆಯಲು ಬರುವುದಿಲ್ಲ. ಗಾಬರಿಯಾಗಬೇಡ. ಕೂತುಕೋ. ಕೊನೆಯವರೆಗೆ ಓದು, ನಡುವೆ ಎದ್ದು ಹೋಗಬೇಡ.

ಅಗೆದು ತೆಗೆದ ಹಳೆಯ ಮೂಳೆಗಳನ್ನಿಡುವ ಈ ಮೂಳೆಮನೆಗೆ ನಾನು ಹೇಗೆ ಬಂದೆನೆಂಬುದು ನಿನಗೆ ಗೊತ್ತಿದ್ದದ್ದೇ. ಆದರೂ ಮೊದಲಿನಿಂದ ಹೇಳುತ್ತೇನೆ. ಎಲ್ಲಿ ತಪ್ಪಾಯಿತೆಂದು ತಿಳಿಯಬೇಕಾದರೆ ಒಂದು ಸಾಲೂ ಬಿಡುವಂತಿಲ್ಲ. ಹನ್ನೊಂದು ವರ್ಷದ ಹಿಂದೆ ಊರ ಹೊರಗಿನ ಹೊಸ ರಸ್ತೆಗೆ ಮಣ್ಣು ಅಗೆಯುವಾಗ ಯಂತ್ರದ ಬಾಯಿಗೆ ಮೂಳೆ ಬಂತು. ಐದಾರು ನೂರು ವರ್ಷದ ಹಿಂದಿನವರನ್ನು ಹೂಳಿದ ಜಾಗ ಅಂದರು. ತಿಳಿದವರು ಬಂದು ದಾರ ಕಟ್ಟಿ ಗುರುತು ಹಾಕುವಷ್ಟರಲ್ಲಿ ಅರ್ಧ ಉದ್ದ ಯಂತ್ರವೇ ಮಗುಚಿ ಹಾಕಿತ್ತು. ಕೂಲಿಯವರು ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿದರು. ಅವನ್ನಿಡಲು ಪೆಟ್ಟಿಗೆ ಬೇಕಿತ್ತು. ಅಳತೆ ಕೇಳಲು ಹೋದ ನನಗೆ ಆಗಿನ ಯಜಮಾನರು, "ತೊಡೆಮೂಳೆ ಮಲಗ್ಬೇಕು, ಉಳಿದದ್ದು ಅದರ ಪಕ್ಕ ಹೊಂದಿಕೊಳ್ಳುತ್ತೆ" ಅಂದರು. ಮನುಷ್ಯನನ್ನು ಇಷ್ಟು ಚೊಕ್ಕವಾಗಿ ಅಳೆದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಎಷ್ಟು ಪೆಟ್ಟಿಗೆ ಎಂದು ಕೇಳಿದೆ. "ತಡೀರಿ, ಎಡತೊಡೆ ಎಣಿಸ್ತಿದ್ದೀವಿ" ಅಂದರು. ಒಬ್ಬನಿಗೆ ಎಡತೊಡೆ ಒಂದೇ. ನಲವತ್ತೆರಡು ಎಡತೊಡೆ ಸಿಕ್ಕರೆ ಕಡಿಮೆಯೆಂದರೂ ನಲವತ್ತೆರಡು ಜನ. ತಲೆ ಒಡೆದು ಹೋಗಬಹುದು, ಬೆರಳು ಕಳೆದು ಹೋಗಬಹುದು, ಲೆಕ್ಕ ತಪ್ಪುವುದಿಲ್ಲ. ಕೇಳಿ ನನಗೆ ಖುಷಿಯಾಯಿತು. ಇದು ನನ್ನ ಜಾತಿಯ ಕೆಲಸವೇ ಅನ್ನಿಸಿತು.

ನಲವತ್ತೆರಡು ಪೆಟ್ಟಿಗೆಯನ್ನೂ ನಾನೇ ಮಾಡಿದೆ. ನಿನಗೆ ನೆನಪಿರಬೇಕು, ಮೆಟ್ಟಿಲ ಮೇಲೆ ನಿಂತು "ಸತ್ತವರಿಗೆ ಇಷ್ಟು ನಯ ಯಾಕೆ ಮಾಡ್ತೀರಿ?" ಎಂದು ಕೇಳಿದ್ದೆ. ಮೂಲೆಗೆ ಮೊಳೆ ಹೊಡೆಯಲಿಲ್ಲ. ಹಲಗೆಯಲ್ಲೇ ಹಲ್ಲು ಕೊರೆದು ಹಲ್ಲಿಗೆ ಹಲ್ಲು ಕೂಡಿಸಿದೆ. ಕೆಲಸ ಮೆಚ್ಚಿ ಅಲ್ಲೇ ಉಗ್ರಾಣ ನೋಡಿಕೊಳ್ಳಲು ಇಟ್ಟುಕೊಂಡರು. ಪೆಟ್ಟಿಗೆ ಕೊಡಲು ಹೋದವನು ಪೆಟ್ಟಿಗೆ ಕಾಯಲು ನಿಂತೆ.

ದಾಖಲೆ ಪುಸ್ತಕ ಬರೆದವನೂ ನಾನೇ. ಪೆಟ್ಟಿಗೆ ಸಂಖ್ಯೆ, ಸಿಕ್ಕ ಜಾಗ, ಮೂಳೆಗಳ ಎಣಿಕೆ, ಕಾಲ. ಕೊನೆಯ ಕಾಲಮಿನ ಮೊದಲ ಸಾಲಿನಲ್ಲಿ "ಪ್ರಾಚೀನ" ಎಂದು ಬರೆದು, ಕೆಳಗಿನ ನಲವತ್ತೊಂದು ಸಾಲಿಗೂ 'ಮೇಲಿನಂತೆ' ಎಂದು ಎರಡೆರಡು ಗೀಟು ಎಳೆದೆ. ಎಲ್ಲ ಒಂದೇ ಜಾಗದ್ದು, ಒಂದೇ ಮಣ್ಣಿನದು, ಒಂದೇ ಬಣ್ಣ. ಯಾರೂ ತಪ್ಪೆನ್ನಲಿಲ್ಲ. ಯಜಮಾನರು ಮೊದಲ ಇಪ್ಪತ್ತು ಪೆಟ್ಟಿಗೆ ನೋಡಿ ಮುಗಿಸುವಷ್ಟರಲ್ಲಿ ನಿವೃತ್ತರಾದರು. ಅವರ ಕುರ್ಚಿ ಖಾಲಿ ಉಳಿಯಿತು. ಉಳಿದ ಇಪ್ಪತ್ತೆರಡು ಪೆಟ್ಟಿಗೆ ನನ್ನ ಕೀಲಿಕೈ ಕೆಳಗೆ ಕಾದವು. ಪ್ರತಿ ಶನಿವಾರ ಧೂಳು ಒರೆಸುತ್ತಿದ್ದೆ.

ಈ ವರ್ಷ ಹೊಸ ಮೇಡಂ ಬಂದರು. ನಲವತ್ತು ದಾಟಿರಬಹುದು, ಮಾತು ಕಡಿಮೆ. ಅವರ ಕೆಲಸ ನೋಡಿದ್ದರೆ ನಿನಗೂ ಇಷ್ಟವಾಗುತ್ತಿತ್ತು. ಉದ್ದ ಮೇಜಿಗೆ ಕಪ್ಪು ಬಟ್ಟೆ ಹಾಸಿ, ಪೆಟ್ಟಿಗೆಯಿಂದ ಒಂದೊಂದೇ ಮೂಳೆ ತೆಗೆದು ಮನುಷ್ಯನನ್ನು ಮಲಗಿಸುತ್ತಾರೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಸೊಂಟ ನೋಡಿ ಗಂಡೋ ಹೆಣ್ಣೋ ಹೇಳುತ್ತಾರೆ. ಮೂಳೆಯ ತುದಿ ಬೆಸೆದಿದೆಯೋ ಇಲ್ಲವೋ ನೋಡಿ ವಯಸ್ಸು, ತೊಡೆ ಅಳೆದು ಎತ್ತರ. ಇಪ್ಪತ್ಮೂರನೇ ಪೆಟ್ಟಿಗೆಯ ಹೆಂಗಸಿನ ಮುಂಹಲ್ಲಿನಲ್ಲಿ ಸಣ್ಣ ಕಾಲುವೆಯಿತ್ತು. ಜೀವಮಾನವಿಡೀ ಹಲ್ಲಲ್ಲಿ ದಾರ ಕಚ್ಚಿ ಎಳೆದವಳಂತೆ. ಇಪ್ಪತ್ತೈದನೇ ಪೆಟ್ಟಿಗೆಯ ಮುದುಕನಿಗೆ ಒಂದು ಹಲ್ಲೂ ಇಲ್ಲ, ದವಡೆ ನುಣ್ಣಗೆ ಮುಚ್ಚಿಕೊಂಡಿದೆ. "ಹಲ್ಲು ಹೋದ್ಮೇಲೂ ಎಷ್ಟೋ ವರ್ಷ ಬದುಕಿದ್ದಾನೆ. ಯಾರೋ ನುರಿದು ನುರಿದು ತಿನ್ನಿಸಿದ್ದಾರೆ" ಅಂದರು ಮೇಡಂ. ಆ 'ಯಾರೋ' ಯಾವ ಪೆಟ್ಟಿಗೆಯಲ್ಲಿದ್ದಾರೆಂದು ನಾನು ಸುಮಾರು ಹೊತ್ತು ಯೋಚಿಸಿದೆ.

ಮೂಳೆ ತೊಳೆಯುವ ಹೆಂಗಸೊಬ್ಬಳಿದ್ದಾಳೆ. ಮೃದುವಾದ ಬ್ರಶ್ಶು ಹಿಡಿದು ಕೂತರೆ ಕೈಗಿಂತ ಬಾಯಿ ಜೋರು. ಎಲ್ಲರಿಗೂ ಅವಳು ಬ್ರಶ್ಶಕ್ಕ, ಅವಳಿಗೆ ನಾನು ಸ್ಟೋರಪ್ಪ. "ನೋಡಿ ಸ್ಟೋರಪ್ಪಾ, ಐನೂರು ವರ್ಷ ಆದ್ರೂ ಈ ಯಮ್ಮನ್ನ ದಾರ ಬಿಟ್ಟಿಲ್ಲ. ನಾಳೆ ನನ್ನ ಮಣಿಕಟ್ಟು ಯಾರಾದ್ರೂ ತೊಳೆದು ನೋಡಿದ್ರೆ ನಿಮ್ಮ ಹೆಸರೇ ಸಿಗೋದು."

"ನನ್ನ ಹೆಸರು ಯಾಕೆ?"

"ಮತ್ತೆ? ಒಂದು ಮುಗಿಯೋದ್ರೊಳಗೆ ಇನ್ನೊಂದು ಪೆಟ್ಟಿಗೆ ತಂದು ಕುಕ್ಕೋರು ಯಾರು, ಇವರೇನು?" ಎಂದು ಮೇಜಿನ ಮೇಲೆ ಮಲಗಿದ್ದವನನ್ನು ತೋರಿಸಿದಳು.

ಹೀಗೆ ನಗುತ್ತ ನಗುತ್ತ ಇಪ್ಪತ್ತೇಳಕ್ಕೆ ಬಂದೆವು. ಅದು ಯಂತ್ರ ಮಗುಚಿದ ಕಡೆಯದು, ಒಂದೇ ಚೀಲದಲ್ಲಿ ಬಂದದ್ದು. ತಲೆ ಮೂರು ಚೂರು, ದವಡೆ ಮಾತ್ರ ಚೆನ್ನಾಗಿತ್ತು. ಹಳಬರೆಲ್ಲರ ಹಲ್ಲೂ ಬೀಸುಕಲ್ಲಿನ ಪುಡಿ ಜಗಿದು ಜಗಿದು ಚಪ್ಪಟೆಯಾಗಿರುತ್ತದೆ, ಹುಡುಗರದ್ದೂ ಸಹ. ಬ್ರಶ್ಶಕ್ಕ ಈ ದವಡೆಯನ್ನು ಬೆಳಕಿಗೆ ಹಿಡಿದು ಕೂಗಿದಳು: "ಮೇಡಂ, ಇವನ್ಯಾರು ರಾಜಕುಮಾರ? ಹಲ್ಲಿನ ಮೊನೆ ಕೂಡ ಸವೆದಿಲ್ಲ. ಅರಮನೆ ಊಟ ಇವಂದು!"

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಅದನ್ನು ನಿನಗೆ ಹೇಳಲೇಬೇಕು. ನಾನೂ ನಕ್ಕೆ.

ಮೇಡಂ ನಗಲಿಲ್ಲ. ದವಡೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಮಾರನೆಯ ದಿನ ಇಪ್ಪತ್ತಾರರ ತೊಡೆಯಿಂದ ಒಂದು ಬಿಲ್ಲೆ, ಇಪ್ಪತ್ತೇಳರ ತೊಡೆಯಿಂದ ಒಂದು ಬಿಲ್ಲೆ ಕೊಯ್ದು, ಕಿಟಕಿಗೆ ಕಪ್ಪು ಪರದೆ ಎಳೆದು ನೇರಳೆ ದೀಪ ಹಚ್ಚಿದರು. ಪುಸ್ತಕದ ಜವಾಬ್ದಾರಿ ನನ್ನದಾದ್ದರಿಂದ ನನ್ನನ್ನೂ ಕರೆದರು. ಇಪ್ಪತ್ತಾರರ ಬಿಲ್ಲೆ ಮಣ್ಣಿನ ಹೆಂಟೆಯ ಹಾಗೆ ಸುಮ್ಮನಿತ್ತು. ನಡುವೆ ನೂಲಿನಷ್ಟು ನೀಲಿ, ಇದ್ದರೂ ಇಲ್ಲದ ಹಾಗೆ. ಇಪ್ಪತ್ತೇಳನೆಯದು ಅಂಚಿನಿಂದ ಅಂಚಿಗೆ ಉರಿಯಿತು, ಗ್ಯಾಸ್ ಒಲೆಯ ಉರಿಯ ಹಾಗೆ. ಮೂಳೆಯಲ್ಲಿ ಜೀವಂತ ಕಾಲದ ಸತ್ವ ಇರುವತನಕ ಹೀಗೆ ಹೊಳೆಯುತ್ತದಂತೆ. ನೂರಾರು ವರ್ಷವಾದರೆ ಹೊರಗಿನಿಂದ ಒಳಕ್ಕೆ ಆರುತ್ತ ಬರುತ್ತದಂತೆ.

"ದೀಪ ಅನುಮಾನ ಮಾತ್ರ ಹುಟ್ಟಿಸುತ್ತೆ, ದೊಡ್ಡ ಪರೀಕ್ಷೆಗೆ ಕಳಿಸ್ಬೇಕು" ಅಂದರು ಮೇಡಂ. ಆಮೇಲೆ, "ಸ್ಟೋರಪ್ಪನವರೇ, ಇವನು ನಮ್ಮವನಲ್ಲ. ನಿಮ್ಮ ಕಾಲದವನು."

ನನ್ನ ಪುಸ್ತಕದ ಎರಡು ಗೀಟು ಕಣ್ಣ ಮುಂದೆ ಬಂತು. ಆ ಜೇಡಿಮಣ್ಣು ಐದು ವರ್ಷದ ಮೂಳೆಗೂ ಐನೂರು ವರ್ಷದ ಮೂಳೆಗೂ ಒಂದೇ ಕಂದು ಬಳಿಯುತ್ತದೆ. ನಾನು ಬಣ್ಣ ನೋಡಿ ಗೀಟು ಎಳೆದಿದ್ದೆ.

ಪರೀಕ್ಷೆಯ ಉತ್ತರ ಬಂತು, ಪೊಲೀಸರಿಗೆ ವರದಿ ಹೋಯಿತು. ಗಂಡು. ಹದಿನಾರರಿಂದ ಹತ್ತೊಂಬತ್ತರ ಒಳಗಿನವನು. ಎತ್ತರ ಐದು ಅಡಿ ಐದೂವರೆ ಅಂಗುಲ, ಒಂದಂಗುಲ ಆಚೀಚೆ. ಸತ್ತು ಹದಿನೈದು ಇಪ್ಪತ್ತು ವರ್ಷ. ಎರಡೂ ಕಡೆಯ ಪಕ್ಕೆಲುಬು ಮುರಿದಿವೆ, ಕೂಡಿಕೊಂಡ ಗುರುತು ಒಂದರಲ್ಲೂ ಇಲ್ಲ. ಮೇಲಿನಿಂದ ಭಾರ ಕುಸಿದು ಬಿದ್ದಿರಬೇಕು. ಪೊಲೀಸರು ಹಳೆಯ ಕಡತ ತೆಗೆಸಿದರೆ, ಅದೇ ಜಾಗದಲ್ಲಿ ಹದಿನಾರು ವರ್ಷದ ಹಿಂದೆ ಕೊಳವೆ ಹಾಕಲು ಆಳದ ಕಾಲುವೆ ತೋಡಿಸಿದ್ದರು. ಕಾಲುವೆ ಕುಸಿದಿದ್ದರೆ, ಒಳಗೊಬ್ಬ ಇದ್ದಿದ್ದರೆ, ಅಗೆಸುತ್ತಿದ್ದವನು ಮೇಲೆ ಇನ್ನಷ್ಟು ಮಣ್ಣು ಎಳೆದು ಸುಮ್ಮನಾಗಿದ್ದರೆ? ಕೇಳೋಣವೆಂದರೆ ಅವನೂ ಈಗ ಬದುಕಿಲ್ಲ. ನಮ್ಮ ಮನೆಯಿಂದ ಆ ಜಾಗ ನಡೆದರೆ ಮುಕ್ಕಾಲು ಗಂಟೆ. ಎಲ್ಲೆಲ್ಲಿಗೋ ರೈಲು ಹತ್ತಿ ಹುಡುಕಿದೆವಲ್ಲ, ಇವಳೇ.

ಕೈ ನೋಯುತ್ತಿದೆ. ನಾಡಿದ್ದು ಮುಂದುವರಿಸುತ್ತೇನೆ.

೧೬, ಶನಿವಾರ

ಮೇಡಂ ಹತ್ತಿರ ಹೋಗಿ, ನನ್ನ ಮಗ ಹದಿನೇಳನೇ ವಯಸ್ಸಿನಲ್ಲಿ ಹೋದವನು, ಅದೇ ವರ್ಷ, ಎಂದು ಹೇಳಿದೆ. ಅವರು ಎದ್ದು ನನ್ನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಬ್ರಶ್ಶಕ್ಕ ನೀರು ತಂದು ಕೊಟ್ಟಳು.

ರಕ್ತಸಂಬಂಧ ತಿಳಿಯುವ ಡಿಎನ್‌ಎ ಪರೀಕ್ಷೆಗೆ ನನ್ನ ಕೆನ್ನೆಯೊಳಗೆ ಹತ್ತಿ ಉಜ್ಜಿ ಕಳಿಸಿದರು. ನನ್ನದು ಸಿಕ್ಕಿತು, ಮೂಳೆಯದು ಸಿಗಲಿಲ್ಲ. ಎರಡನೇ ಸಲ ಹಲ್ಲನ್ನೇ ಕಳಿಸಿದರು, ಆಗಲೂ ಇಲ್ಲ. ಆ ಮಣ್ಣಿನ ನೀರು ಹುಳಿ, ಹೊಳೆಯುವಷ್ಟು ಬಿಟ್ಟು ಬೇಕಾದ್ದನ್ನು ತಿಂದುಹಾಕಿದೆ. ಇನ್ನು ಉಳಿದದ್ದು ಅಳತೆ. ಕಾರ್ಖಾನೆಯ ಬಾಗಿಲ ಚೌಕಟ್ಟಿನಲ್ಲಿ ಅವನ ಎತ್ತರ ಗೀಚಿದ್ದೆವಲ್ಲ, ಕೊನೆಯ ಗೆರೆ ಹೋಗುವುದಕ್ಕೆ ನಾಲ್ಕು ತಿಂಗಳ ಮುಂಚಿನದು. ನನ್ನ ಹಳೆಯ ಅಳತೆಕೋಲಿನಿಂದ ಅಳೆದೆ. ಐದು ಅಡಿ ಐದೂಕಾಲು. "ಹೊಂದುತ್ತೆ. ಆದ್ರೆ ಈ ಎತ್ತರದ ಹುಡುಗರು ಊರು ತುಂಬ ಇರ್ತಾರೆ" ಅಂದರು.

ಆಮೇಲೆ ಎಡಗೈ ತೋರಿಸಿದರು.

ಮುಂಗೈಯಲ್ಲಿ ಎರಡು ಮೂಳೆ. ಹೆಬ್ಬೆರಳ ಕಡೆಯದು ನೆಟ್ಟಗಿದೆ. ಕಿರುಬೆರಳ ಕಡೆಯದರಲ್ಲಿ ಒಂದು ಗಂಟು, ಮರದಲ್ಲಿ ಕೊಂಬೆ ಮುರಿದ ಜಾಗ ಮುಚ್ಚಿಕೊಂಡ ಹಾಗೆ, ಸ್ವಲ್ಪ ಸೊಟ್ಟ. ನಮ್ಮ ಚಕ್ಕೆಗೂ ಹನ್ನೊಂದನೇ ವಯಸ್ಸಿನಲ್ಲಿ ಎಡಗೈ ಮುರಿದಿತ್ತಲ್ಲ ಎಂದೆ. ಅವರ ಮುಖದಲ್ಲಿ ಬೆಳಕು ಬಂತು. "ಎಕ್ಸ್‌ರೇ ಇದೆಯಾ? ಇದ್ರೆ ಒಂದು ನಿಮಿಷದ ಕೆಲಸ." ಆಸ್ಪತ್ರೆಯಲ್ಲಿ ವಿಚಾರಿಸಿದೆ, ಅಷ್ಟು ಹಳೆಯದನ್ನು ಅವರು ಇಡುವುದಿಲ್ಲ. ನಿನ್ನ ಟ್ರಂಕಿನಲ್ಲಿ ಚೀಟಿ ಸಿಕ್ಕಿತು. ನಿನ್ನ ಅಪ್ಪಣೆಯಿಲ್ಲದೆ ತೆಗೆದೆ, ಕ್ಷಮಿಸು. ಎರಡೇ ಸಾಲು: ಎಡ ಮುಂಗೈ ಮೂಳೆ ಮುರಿತ, ಮೆಟ್ಟಿಲಿನಿಂದ ಬಿದ್ದು, ಆರು ವಾರ ಪಟ್ಟಿ.

ಮೇಡಂ ಚೀಟಿ ಓದಿದರು. ಮೂಳೆ ನೋಡಿದರು. ಮತ್ತೆ ಚೀಟಿ ಓದಿದರು.

"ಬಿದ್ರೆ ನಾವೇನು ಮಾಡ್ತೀವಿ ಸ್ಟೋರಪ್ಪನವರೇ? ಅಂಗೈ ಊರ್ತೀವಿ. ಆಗ ಮುರಿಯೋದು ಮಣಿಕಟ್ಟಿನ ಹತ್ತಿರ, ಹೆಚ್ಚಾಗಿ ಹೆಬ್ಬೆರಳ ಕಡೆ ಮೂಳೆ. ಇದು ನೋಡಿ, ಕಿರುಬೆರಳ ಕಡೆಯದೊಂದೇ, ಅದೂ ತುದಿಯಲ್ಲಲ್ಲ, ಮೂಳೆಯ ಕಂಬದಲ್ಲಿ. ಪಕ್ಕದ್ದಕ್ಕೆ ಏನೂ ಆಗಿಲ್ಲ." ಅವರು ತಮ್ಮ ಎಡಗೈ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. "ಹೀಗೆ ಹಿಡಿದಾಗ ಪೆಟ್ಟು ಮೊದಲು ಬೀಳೋದು ಈ ಜಾಗಕ್ಕೆ. ಈ ಹುಡುಗನಿಗೆ ಯಾರೋ ಹೊಡೆದಿದ್ದಾರೆ. ಅವನು ಮುಖ ಉಳಿಸ್ಕೊಂಡಿದ್ದಾನೆ. ತಕ್ಷಣ ಪಟ್ಟಿನೂ ಹಾಕ್ಸಿಲ್ಲ, ಅದಕ್ಕೇ ಸೊಟ್ಟ ಕೂಡಿದೆ."

"ಖಂಡಿತಾನಾ ಮೇಡಂ?"

"ನೂರಕ್ಕೆ ನೂರು ಯಾವ ಮೂಳೆನೂ ಹೇಳಲ್ಲ. ಆದ್ರೆ ನಿಮ್ಮ ಚೀಟಿಲಿರೋ ಹುಡುಗ ಬಿದ್ದವನು. ಮೇಜಿನ ಮೇಲಿರೋನು ಹೊಡೆಸಿಕೊಂಡವನು. ಈ ಎರಡು ಸೇರಿಸಿ 'ಇವನೇ' ಅಂತ ನಾನು ಸಹಿ ಹಾಕೋಕೆ ಆಗಲ್ಲ." ಚೀಟಿ ಮಡಿಸಿ ಕೊಡುತ್ತ ಕೇಳಿದರು: "ಬೇರೇನಾದ್ರೂ ನೆನಪಿದೆಯಾ? ಶಾಲೇಲಿ, ಬೀದೀಲಿ, ಯಾರಾದ್ರೂ ಹೊಡೆದಿದ್ರಾ?"

ಇಲ್ಲ ಅಂದೆ.

"ಅವನಿಗೆ ತುಂಬ ನೋವಾಗಿರುತ್ತಾ, ಕೊನೆಗೆ?" ಎಂದು ಕೇಳಿದೆ. ಮಣ್ಣು ಕುಸಿದದ್ದರ ಬಗ್ಗೆ ಕೇಳಿದ್ದು.

"ಅದನ್ನ ಮೂಳೆ ಹೇಳಲ್ಲ. ಮೂಳೆ ಹೇಳದ್ದನ್ನ ನಾನು ಹೇಳಲ್ಲ" ಅಂದರು.

ಹಾಗಾಗಿ, ಇವಳೇ, ಅದು ಯಾರ ಮಗನೋ ಗೊತ್ತಿಲ್ಲ. ಕಾಗದ ಪತ್ರದ ಮಟ್ಟಿಗೆ ನಮ್ಮವನಲ್ಲ. ನಮ್ಮ ಚಕ್ಕೆಗೆ ಈಗ ಮೂವತ್ಮೂರು. ಯಾವುದೋ ಊರಿನಲ್ಲಿ ತಲೆ ಬೆಳ್ಳಗಾಗಲು ಶುರುವಾಗಿರಬಹುದು. ನೀನು ಹಾಗೇ ತಿಳಿ. ಇಪ್ಪತ್ತೇಳನೇ ಪೆಟ್ಟಿಗೆಯನ್ನು "ಗುರುತಿಲ್ಲದವರು" ಎನ್ನುವ ಪ್ರತ್ಯೇಕ ಕಪಾಟಿಗೆ ಸಾಗಿಸಲು ನನಗೇ ಹೇಳಿದ್ದಾರೆ.

ತಣ್ಣೀರಿನಲ್ಲಿ ಬಟ್ಟೆ ಒಗೆಯಬೇಡ, ಬೆರಳು ಊದುತ್ತವೆ. ಔಷಧ ತಪ್ಪಿಸಬೇಡ. ಭಾವನಿಗೆ, ಅತ್ತಿಗೆಗೆ ನಮಸ್ಕಾರ ತಿಳಿಸು. ಮನೆಯ ಮಕ್ಕಳೆಲ್ಲ ಚೆನ್ನಾಗಿರಲಿ, ಯಾರ ಮೈಗೂ ನೋವು ತಾಗದಿರಲಿ. ನಿನಗೆ ನಿದ್ದೆ ಬರಲಿ.

ಇತಿ,
ನಿನ್ನ ಇವರು

ತಾ. ಕ.
೧೯, ಮಂಗಳವಾರ

ಮೇಲಿನದನ್ನು ಲಕೋಟೆಗೆ ಹಾಕಿ ಅಂಟಿಸಿ, ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಎರಡು ಸಲ ಅಂಚೆಡಬ್ಬಿಯ ಬಾಯಿವರೆಗೂ ಕೈ ಹೋಯಿತು. ಇವತ್ತು ಹರಿದು ತೆರೆದಿದ್ದೇನೆ.

ಮೆಟ್ಟಿಲು ಏನೂ ಮಾಡಿರಲಿಲ್ಲ, ಇವಳೇ.

ನೀನು ತಂಗಿಯ ಬಾಣಂತನಕ್ಕೆ ಹೋಗಿದ್ದೆ. ಪೆಟ್ಟಿಗೆ ಮುಚ್ಚಳದ ಹಿತ್ತಾಳೆ ಕೀಲು ಎಣಿಸಿದರೆ ಹನ್ನೆರಡು ಕಡಿಮೆ. ಕಾರ್ಖಾನೆಯಲ್ಲಿ ಅವನೊಬ್ಬನೇ ಇದ್ದ. "ಎಲ್ಲಿಟ್ಟೆ?" ಅಂದೆ. "ನಾನ್ ಮುಟ್ಟಿಲ್ಲಪ್ಪಾ" ಅಂದ. ಮೂರು ಸಲ ಕೇಳಿದೆ, ಮೂರು ಸಲವೂ ಅದನ್ನೇ ಅಂದ. ಅಳತೆಕೋಲು ಕೈಯಲ್ಲಿತ್ತು. ಅವನು ಎಡಗೈ ಎತ್ತಿದ, ಮೇಡಂ ತೋರಿಸಿದರಲ್ಲ, ಹಾಗೇ.

ಎರಡು ದಿನ ತೋಳನ್ನು ಅಂಗಿಯೊಳಗೆ ಸೇರಿಸಿಕೊಂಡು ಓಡಾಡಿದ. ಬಲಗೈಯಲ್ಲಿ ಉಂಡ, ಬಲಗೈಯಲ್ಲೇ ಗುಡಿಸಿದ. ಉಳುಕಿರಬೇಕು, ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೇ ದಿನ ಜ್ವರ ಬಂದಾಗ ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ವೈದ್ಯರು ಏನಾಯ್ತು ಅಂದರು. ನಾನು ಬಾಯಿ ತೆಗೆಯುವ ಮೊದಲೇ ಅವನು, "ಮೆಟ್ಟಿಲಿಂದ ಬಿದ್ದೆ" ಅಂದ. ನಾನು ಹೇಳಿಕೊಟ್ಟಿರಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ನೀನು ಬಂದಾಗ ನಿನಗೂ ಅದನ್ನೇ ಹೇಳಿದ. ನೀನು ಮೆಟ್ಟಿಲಿಗೆ ಕಾಲಿಂದ ಒದ್ದೆ. ನಾನು ಸುತ್ತಿಗೆ ಹಿಡಿದು ಅದಕ್ಕೆ ಕಂಬಿ ಹಾಕಿದೆ. ಗೂಟ ಹಿಡಿದುಕೊಟ್ಟವನು ಅವನೇ, ಬಲಗೈಯಿಂದ.

ತಿಂಗಳಾದ ಮೇಲೆ ಕೀಲು ಸಿಕ್ಕಿತು. ಇನ್ನೊಂದು ಡಬ್ಬಿಯಲ್ಲಿ, ನಾನೇ ಇಟ್ಟದ್ದು. ಹನ್ನೆರಡೂ ಇದ್ದವು. ಸದ್ದಿಲ್ಲದೆ ಎಣಿಕೆಗೆ ಸೇರಿಸಿದೆ. ಅವನಿಗೆ ಹೇಳಲಿಲ್ಲ.

ಆಮೇಲೆ ಆರು ವರ್ಷ ಅವನ ಮೈ ಮುಟ್ಟಲಿಲ್ಲ ನಾನು. ಅವನು ಎದುರು ಮಾತಾಡಲಿಲ್ಲ. ಆದರೆ ಒಂದು ದಿನವೂ ನನಗೆ ಬೆನ್ನು ಕೊಟ್ಟು ಕೂರಲಿಲ್ಲ. ನೀನು ಗಮನಿಸಿದ್ದೆಯೋ ಇಲ್ಲವೋ. ನಾನು ಯಾವ ಕಡೆ ಹೋದರೂ ಆ ಕಡೆಗೆ ತಿರುಗಿ ಕೂರುತ್ತಿದ್ದ. ಹೋಗುವ ದಿನ ನಿನಗೆ ಹೇಳಿ ಹೋದ, ನನಗಲ್ಲ. "ನೀವೇನಾದ್ರೂ ಅಂದ್ರಾ ಅವನಿಗೆ?" ಎಂದು ನೀನು ಕೇಳಿದೆ. ಇಲ್ಲ ಅಂದೆ. ಆ ದಿನದ ಮಟ್ಟಿಗೆ ಅದು ಸರಿಯಾದ ಲೆಕ್ಕವಾಗಿತ್ತು. ಅದರ ಹಿಂದೆ ಅಡಗಿಕೊಂಡು ಹದಿನಾರು ವರ್ಷ ಕಳೆದೆ.

ನಿನ್ನೆ ಬೆಳಿಗ್ಗೆ ಪೆಟ್ಟಿಗೆ ಸಾಗಿಸಲು ಎತ್ತಿಕೊಂಡೆ. ಆ ಕಪಾಟಿನವರೆಗೆ ಹೋಗಲು ಆಗಲಿಲ್ಲ. ಮೇಡಂ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. "ಊತ ಎಲ್ಲಿತ್ತು, ತೋರಿಸಿ" ಅಂದರು. ನನ್ನ ಕೈ ಮೇಲೆ ಬೆರಳಿಟ್ಟೆ. ಮೊಣಕೈಯಿಂದ ಮಣಿಕಟ್ಟಿಗೆ ಮೂರು ಪಾಲು ಮಾಡಿದರೆ ಎರಡನೇ ಪಾಲು ಮುಗಿಯುವಲ್ಲಿ. ಅವರು ನನ್ನ ಕೈ ಅಳೆದರು, ಅವನ ಮೂಳೆ ಅಳೆದರು, ಪಾಲಿಗೆ ಪಾಲು ಹಾಕಿ ನೋಡಿದರು. ಎಷ್ಟು ದಿನ ಬಿಟ್ಟು ಪಟ್ಟಿ ಹಾಕಿಸಿದಿರಿ ಎಂದು ಕೇಳಿದರು. ಹೇಳಿದೆ. ಎಲ್ಲ ಹೊಂದುತ್ತದೆಂದು ತಲೆಯಾಡಿಸಿ ಪೆನ್ನು ನನ್ನ ಕಡೆ ತಳ್ಳಿದರು. ಬ್ರಶ್ಶಕ್ಕ ಎದ್ದು ಹೊರಗೆ ಹೋದಳು.

ಅವನೇ, ಇವಳೇ. ಹನ್ನೊಂದು ವರ್ಷ ನಾನು ಮಾಡಿದ ಪೆಟ್ಟಿಗೆಯಲ್ಲಿ, ನನ್ನ ಬೀಗದೊಳಗೆ ಇದ್ದ. ನೀನು ಮನೆ ಬಿಟ್ಟು ಹೋಗುವಾಗಲೂ ಅಲ್ಲೇ ಇದ್ದ. ಶನಿವಾರ ಶನಿವಾರ ಅವನ ಮೇಲಿನ ಧೂಳು ಒರೆಸಿದ್ದೇನೆ.

ಪುಸ್ತಕದ ಇಪ್ಪತ್ತೇಳನೇ ಸಾಲಿನ ಎರಡು ಗೀಟು ಹೊಡೆದುಹಾಕಿ ಅವನ ಹೆಸರು ಬರೆದೆ. ಅಡ್ಡಹೆಸರಲ್ಲ, ಶಾಲೆಗೆ ಸೇರಿಸುವಾಗ ನೀನು ಬರೆಸಿದ ಹೆಸರು.

ಇದರ ಜೊತೆ ಒಂದು ನಮೂನೆಯ ಹಾಳೆ ಇದೆ. ಗುರುತು ಹಿಡಿದವರು ಎನ್ನುವಲ್ಲಿ ತಂದೆ ತಾಯಿ ಇಬ್ಬರೂ ಸಹಿ ಹಾಕಿದರೆ ಅವನನ್ನು ನಮಗೆ ಕೊಡುತ್ತಾರೆ. "ಹಳೆಯ ಗಾಯದ ಕಾರಣ" ಎನ್ನುವ ಜಾಗದಲ್ಲಿ "ತಂದೆ ಅಳತೆಕೋಲಿನಿಂದ ಹೊಡೆದದ್ದು" ಎಂದು ನನ್ನ ಅಕ್ಷರದಲ್ಲೇ ಬರೆದು ಕೆಳಗೆ ಸಹಿ ಮಾಡಿದ್ದೇನೆ. ನಿನ್ನ ಜಾಗ ಅದರ ಪಕ್ಕದಲ್ಲೇ ಇದೆ. ನನ್ನ ಸಹಿಯ ಪಕ್ಕ ಹಾಕಲು ನಿನಗೆ ಕೈ ಬರದಿದ್ದರೆ ಬೇರೆ ಹಾಳೆಯಲ್ಲಿ ಹಾಕಿ ಕಳಿಸಿದರೂ ನಡೆಯುತ್ತದೆ. ಮೇಡಂ ಹತ್ತಿರ ಕೇಳಿ ಇಟ್ಟುಕೊಂಡಿದ್ದೇನೆ.